ಅತ್ತೆಯ ಪುಡಿ, ಡಾಕ್ಟರ ಮಾತ್ರೆ

"ಶೆಟ್ರೇ, ನಿಮ್ಮ ಕಣ್ಣು ಹಳದಿ ಉಂಟಲ್ಲ?"

ಮಾಟುಂಗದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ನನ್ನ ಗಂಡನಿಗೆ ಹಾಗೆ ಹೇಳಿದ್ದು ಒಬ್ಬ ಗಿರಾಕಿ. ದಿನವೂ ಮನೆಯಲ್ಲಿ ಜೊತೆಗಿದ್ದ ನಾನೇ ಅದನ್ನು ಗಮನಿಸಿರಲಿಲ್ಲ.

ಕಾಮಾಲೆಗೆ ಆಸ್ಪತ್ರೆಯಲ್ಲಿ ಮದ್ದಿಲ್ಲ ಎಂಬುದು ನಮ್ಮೂರವರ ನಂಬಿಕೆ. ಉಡುಪಿಯಿಂದ ಅತ್ತೆ ಬಸ್ಸಿನಲ್ಲಿ ನಾಟಿ ಮದ್ದಿನ ಪುಡಿ ಕಳಿಸಿದರು. ಮಜ್ಜಿಗೆಯಲ್ಲಿ ಕದಡಿ ಕೊಟ್ಟೆ. ಪಥ್ಯ ಮಾಡಿಸಿದೆ. ಎರಡು ವಾರ ಕಳೆದರೂ ಹಳದಿ ಇಳಿಯಲಿಲ್ಲ, ತೂಕ ಇಳಿಯಿತು. ಕೊನೆಗೆ ಮುಲುಂಡಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸಿಟಿ ಸ್ಕ್ಯಾನ್ ಆಯಿತು.

ಪ್ಯಾಂಕ್ರಿಯಾಸ್‌ನಲ್ಲಿ, ಅಂದರೆ ಮೇದೋಜೀರಕದಲ್ಲಿ, ಗಡ್ಡೆ. ಅದು ಪಿತ್ತದ ನಾಳ ಒತ್ತಿದ್ದರಿಂದಲೇ ಕಣ್ಣು ಹಳದಿ. ಹೆಚ್ಚಿನಂಶ ಕ್ಯಾನ್ಸರ್.

ಸರ್ಜನ್ ಆಪರೇಷನ್ನಿನ ಮಾತೆತ್ತಿದರು. ಎರಡು ವಾರ ಹಾಳು ಮಾಡಿದವಳು ನಾನೇ ಅಲ್ಲವೇ ಎಂದು ಎದೆ ಉರಿಯಿತು. ಆದರೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ರಕ್ತದಲ್ಲಿ ಐಜಿಜಿ೪ ಎಂಬ ಪ್ರತಿಕಾಯ ಹೆಚ್ಚಿತ್ತು. ದೇಹ ತನ್ನ ಮೇಲೆಯೇ ತಿರುಗಿಬಿದ್ದಾಗಲೂ ಪ್ಯಾಂಕ್ರಿಯಾಸ್ ಹೀಗೆ ಊದಿಕೊಳ್ಳುತ್ತದಂತೆ. ಅದಕ್ಕೆ ಆಟೊಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಎಂಬ ಹೆಸರು.

"ಎರಡು ವಾರ ಸ್ಟಿರಾಯ್ಡ್ ಕೊಟ್ಟು ನೋಡೋಣ," ಎಂದರು ಗ್ಯಾಸ್ಟ್ರೋ ಡಾಕ್ಟರ್. "ಕ್ಯಾನ್ಸರ್ ಆದರೆ ಇದಕ್ಕೆ ಕರಗುವುದಿಲ್ಲ. ಗಡ್ಡೆ ಕರಗಿದರೆ ಆಪರೇಷನ್ ಬೇಡ."

ಮತ್ತೆ ಎರಡು ವಾರ! ಕರಗದಿದ್ದರೆ?

ಚೆಂಬೂರಿನ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಇವರ ರೆಪ್ಪೆ ಎಳೆದು ನೋಡುತ್ತಿದ್ದೆ. ಅತ್ತ ಹಾಲು ಉಕ್ಕುತ್ತಿತ್ತು.

"ಎಷ್ಟು ಸಲ ನೋಡುದು ಮಾರಾಯ್ತಿ? ಕಣ್ಣೇ ಕಿತ್ತು ಕೊಡ್ಲಾ?" ಎಂದು ಇವರು ರೇಗಿದರು.

ಆರನೇ ದಿನ ಹಳದಿ ತಿಳಿಯಾದಂತೆ ಕಂಡಿತು. ಆದರೆ ಅದು ಯಾವ ಮದ್ದಿನಿಂದ ಎಂದು ನನಗೇ ತಿಳಿಯಲಿಲ್ಲ. ಯಾಕೆಂದರೆ ಪುಡಿಯನ್ನು ನಾನು ನಿಲ್ಲಿಸಿಯೇ ಇರಲಿಲ್ಲ. ಇದೂ ಇರಲಿ, ಅದೂ ಇರಲಿ ಎಂದು ಡಾಕ್ಟರಿಗೆ ಹೇಳದೆ ಕೊಡುತ್ತಲೇ ಇದ್ದೆ. ಇನ್ನು ತಡೆಯಲಾಗದೆ ಫೋನ್ ಮಾಡಿ ಒಪ್ಪಿಕೊಂಡೆ.

"ಲಿವರ್‌ಗೆ ಪೆಟ್ಟಾಗಿದ್ದರೆ? ಇವತ್ತೇ ಬಂದ್ ಮಾಡಿ," ಎಂದು ಡಾಕ್ಟರ್ ಗದರಿದರು. "ಕಣ್ಣು ನೋಡಿ ಕುಣಿಯಬೇಡಿ. ಸ್ಕ್ಯಾನ್ ಹೇಳಲಿ."

ಎರಡು ವಾರ ಮುಗಿದ ಮೇಲೆ ಸ್ಕ್ಯಾನ್ ಹೇಳಿತು. ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆಪರೇಷನ್ ಬೇಡವಾಯಿತು. ಈಗ ಸ್ಟಿರಾಯ್ಡ್‌ನಿಂದ ಶುಗರ್ ಏರಿದೆ, ಕಾಯಿಲೆ ಮರಳಲೂಬಹುದು ಎಂದಿದ್ದಾರೆ. ಆಗಲಿ, ಮನುಷ್ಯ ಎದುರಿಗಿದ್ದಾರೆ.

ಸ್ಕ್ಯಾನ್ ಆದ ಸಂಜೆಯೇ ಅತ್ತೆಯ ಫೋನ್ ಬಂದಿತ್ತು. "ಹೇಳ್ಲಿಲ್ವಾ ನಾನು? ನಮ್ಮ ಪುಡಿ ಅಂದ್ರೆ ಪುಡಿ!"

ಇಷ್ಟು ದಿನ ನುಂಗಿದ್ದೆಲ್ಲ ಹೊರಬಂತು. "ಪುಡಿಯಿಂದ ಅಲ್ಲ, ಅತ್ತೆ. ಅದು ನಿಜಕ್ಕೂ ಕ್ಯಾನ್ಸರ್ ಆಗಿದ್ರೆ, ಆ ಎರಡು ವಾರದಲ್ಲಿ ನಾವಿಬ್ರೂ ಸೇರಿ ಇವರನ್ನು ಕೊಲ್ತಿದ್ದೆವು."



"ಹೆದರಿ ಕಳಿಸಿದ್ದು ಮಗಾ," ಎಂದರು ಅತ್ತೆ. "ಇಷ್ಟು ದೂರದಿಂದ ನಾನು ಬೇರೆ ಎಂತ ಮಾಡ್ಲಿ?"

ಹತ್ತಿರವೇ ಇದ್ದು ನಾನೂ ಹೆದರಿಯೇ ಕೊಟ್ಟದ್ದು ಎಂದು ಹೇಳಿ, ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.