ಕುಂಕುಮ ಹೊಕ್ಕ ಇನ್ವರ್ಟರ್

ನಮ್ಮ ಮಾವನವರ ಎಡಗೈಯಲ್ಲಿ ಹೆಬ್ಬೆರಳಿನ ಗಾತ್ರದ ನರವೊಂದು ಉಬ್ಬಿಕೊಂಡಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಆಪರೇಷನ್ ಮಾಡಿ ಕೂಡಿಸಿದ ನರ. ಬೆಳಗ್ಗೆ ಎದ್ದವರೇ ಆ ಕೈಯನ್ನು ಕಿವಿಗೆ ಒತ್ತಿ, ರಕ್ತ ಹರಿಯುವ ಸದ್ದು ಕೇಳಿ, "ಓಡ್ತಾ ಇದೆಯಮ್ಮ" ಎಂದ ಮೇಲೆಯೇ ಅವರಿಗೆ ಕಾಫಿ. ಅದೂ ಅರ್ಧ ಲೋಟ.

ನನ್ನ ಗಂಡನಿಗೆ ಫ್ಯಾಕ್ಟರಿ ಶಿಫ್ಟು. ಹನುಮಂತನಗರದಿಂದ ಬನಶಂಕರಿಯ ಡಯಾಲಿಸಿಸ್ ಸೆಂಟರಿಗೆ ಮಾವನವರನ್ನು ಕರೆದೊಯ್ಯುವವಳು ನಾನು. ಅವರು ಒಳಗಿದ್ದಷ್ಟು ಹೊತ್ತು ಕಾರಿನಲ್ಲೇ ಕೂತು ಆಫೀಸಿನ ಕೆಲಸ. ನನ್ನ ಹಳೇ ಲ್ಯಾಪ್‌ಟಾಪ್ ಮೀಟಿಂಗಿನ ನಡುವೆ ಚಾರ್ಜ್ ಮುಗಿದು ಆರಿಹೋಗುತ್ತಿತ್ತು. ಮ್ಯಾನೇಜರ್ ಗದರಿದ್ದು ಮಾವನವರ ಕಿವಿಗೂ ಬಿತ್ತು. "ನಿನ್ನ ಕೆಲಸ ಹೋಗೋ ಹಾಗಿದ್ರೆ ನಾನು ಬರಲ್ಲ" ಎಂದು ಹಟ ಹಿಡಿದು ಒಂದು ಸಲ ತಪ್ಪಿಸಿಯೇಬಿಟ್ಟರು. ಅವರ ಮುಖ, ಕಾಲು ಊದಿಕೊಂಡವು.

ಕೊನೆಗೆ ಅವರೇ ನನ್ನನ್ನು ಶ್ರೀನಗರದ ಕಾರು ಸಾಮಾನಿನ ಅಂಗಡಿಗೆ ಹೊರಡಿಸಿಕೊಂಡು ಬಂದರು. ಸಿಗರೇಟ್ ಲೈಟರಿನ ಜಾಗಕ್ಕೆ ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ ಕರೆಂಟು ಕೊಡುವ ಇನ್ವರ್ಟರ್ ಬೇಕಿತ್ತು. ಅಂಗಡಿಯವನು ದೊಡ್ಡದೊಂದನ್ನು ತಂದಿಟ್ಟು, "ಮಿಕ್ಸಿನೂ ಓಡುತ್ತೆ ಅಂಕಲ್" ಎಂದ.

"ಕಾರಲ್ಲಿ ಚಟ್ನಿ ರುಬ್ಬಲ್ಲಪ್ಪ. ಇವಳ ಚಾರ್ಜರಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ವಾಟ್ ಇದ್ರೆ ಸಾಕು. ಫ್ಯಾನು ಸದ್ದು ಮಾಡಬಾರ್ದು, ಮೀಟಿಂಗ್ ಇರುತ್ತೆ."

ಒಂದೊಂದನ್ನೂ ಆನ್ ಮಾಡಿಸಿ, ಬೆಳಗ್ಗೆ ಕೈ ಹಿಡಿಯುವಂತೆಯೇ ಕಿವಿಗೆ ಹಿಡಿದು ಕೇಳಿ, ಸಣ್ಣದೊಂದನ್ನು ಆರಿಸಿದರು. ಮರುದಿನ ತೆಪ್ಪಗೆ ಡಯಾಲಿಸಿಸ್ಸಿಗೆ ಹೊರಟರು.

ಆಯುಧಪೂಜೆ ಬಂತು. ಕಾರಿಗೆ ಹಚ್ಚಿದ ಕೈಯಲ್ಲೇ ಇನ್ವರ್ಟರಿಗೂ ಧಾರಾಳವಾಗಿ ಕುಂಕುಮ ಹಚ್ಚಿದರು, ಅದೂ ಗಾಳಿಯಾಡುವ ಕಿಂಡಿಯ ಮೇಲೆಯೇ! ಫ್ಯಾನು ಗರಗರ ಎನ್ನತೊಡಗಿತು. ಮುಖ ಸಣ್ಣದು ಮಾಡಿಕೊಂಡು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು, ಮೆಟ್ಟಿಲ ಮೇಲೆ ಕೂತು ತಿಕ್ಕಿದ್ದೇ ತಿಕ್ಕಿದ್ದು. ಅಲ್ಲಿಂದಾಚೆಗೆ ಡಯಾಲಿಸಿಸ್ ಮುಗಿಸಿ, ಬಸವಳಿದು ಕಾರು ಹತ್ತಿದಾಗೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ: "ಇವತ್ತು ಸದ್ದು ಮಾಡ್ತಾ?"

"ಇಲ್ಲ ಮಾವ" ಎನ್ನುತ್ತಿದ್ದೆ. ಗರಗರ ನಿಂತಿರಲಿಲ್ಲ. ಮೀಟಿಂಗಿನಲ್ಲಿ ನಾನು ಮಾತಾಡುವ ಸರದಿ ಬಂದಾಗ ಪ್ಲಗ್ ಕೀಳುತ್ತಿದ್ದೆ, ಅಷ್ಟೇ. ನಿಜ ಹೇಳಿದರೆ ಮತ್ತೆ ಬರುವುದಿಲ್ಲ ಎಂದುಬಿಟ್ಟಾರು ಎಂಬ ಭಯ ನನಗೆ.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಕೈಯನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. "ಏನೂ ಕೇಳಿಸ್ತಿಲ್ಲಮ್ಮ" ಎಂದರು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ವಾಪಸ್ ಬರಲಿಲ್ಲ.

ನನ್ನ ಕೆಲಸ ಉಳಿದಿದೆ. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಹಾಗಾಗಿ ಈ ಸಲದ ಆಯುಧಪೂಜೆಯಂದು ಬೀದಿಯಲ್ಲಿ ನಮ್ಮ ಕಾರೊಂದೇ ಹೂವಿಲ್ಲದೆ ನಿಂತಿತ್ತು. ಒಳಗೆ ಕೂತು ಇನ್ವರ್ಟರ್ ಆನ್ ಮಾಡಿದೆ. ಕಿಂಡಿಯಲ್ಲಿ ಇನ್ನೂ ಕೆಂಪು ಅಂಟಿತ್ತು. ಅದನ್ನು ಕಿವಿಗೆ ಹಿಡಿದೆ.

"ಓಡ್ತಾ ಇದೆ ಮಾವ" ಎಂದೆ.