ಬಾರಿನಲ್ಲಿ ಬಡಿಸಿದ ಸಂಗಣ್ಣ ಕಾಕಾ

ಸಂಗಣ್ಣ ಕಾಕಾ ಹೈದರಾಬಾದಿನಲ್ಲಿ ಕಂಠಮಟ್ಟ ಕುಡಿದರು, ಬಾರಿನಲ್ಲಿ ಜಗಳ ತೆಗೆದರು, ಹೊರಗೆ ದಬ್ಬಿಸಿಕೊಂಡರು ಎಂದು ಚಿತ್ತಾಪುರದಲ್ಲಿ ಇಂದಿಗೂ ಹೇಳುತ್ತಾರೆ. ಕಾಕಾ ತೀರಿಕೊಂಡು ವರ್ಷವಾಯಿತು. ಕಥೆ ಮಾತ್ರ ಗಟ್ಟಿಮುಟ್ಟಾಗಿದೆ. ಹೇಳುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ನಾನಿದ್ದೆ. ಆ ಮೂರು ಮಾತಿನಲ್ಲಿ ಕೊನೆಯದೊಂದೇ ನಿಜ.

ಬಸ್ ಸ್ಟ್ಯಾಂಡಿನ ಹಿಂದಿದ್ದ ಖಾನಾವಳಿ ಅವರದು. ಖಾಲಿ ತಾಟು ಕಂಡರೆ ಅವರಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಸಾಕೆಂದು ಕೈ ಅಡ್ಡ ಹಿಡಿದವರ ತಾಟಿಗೂ ಕೈಯ ಕೆಳಗಿನಿಂದ ರೊಟ್ಟಿ ಜಾರಿಸಿ, ‘ನಾಚಬ್ಯಾಡ್ರಿ, ಹೊಟ್ಟಿ ನಿಮ್ಮದೇ’ ಎನ್ನುವರು. ಅಡುಗೆ ರುಚಿಯಾಗಿತ್ತೆಂದು ನಾನು ಸುಳ್ಳು ಹೇಳಲಾರೆ. ಪುಂಡಿಪಲ್ಯದಲ್ಲಿ ಪುಂಡಿಸೊಪ್ಪಿಗಿಂತ ಉಪ್ಪೇ ಮುಂದಿರುತ್ತಿತ್ತು. ಆದರೆ ಬಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಶ್ರಾವಣ ಸೋಮವಾರ ಮಠದ ಪಂಕ್ತಿಯಲ್ಲಿ ಹುಗ್ಗಿಯ ಸೌಟು ಅವರ ಕೈಯಲ್ಲೇ. ಊರಿನಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಸೌಟಿನದು. ಅದು ಅವರಿಗೂ ಗೊತ್ತಿತ್ತು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗೆಂದು ಹೈದರಾಬಾದಿಗೆ ಹೊರಟಾಗ ಅವರೂ ರೈಲು ಹತ್ತಿದರು. ಇಬ್ಬರಿಗೂ ಹೊಸ ಊರು. ‘ದೊಡ್ಡ ಊರಾಗ ಹ್ಯಾಂಗ ಬಡಸ್ತಾರ, ನೋಡಬೇಕಲ್ಲಪಾ’ ಎಂಬುದು ಅವರ ಅಧ್ಯಯನದ ವಿಷಯ. ಸ್ಪರ್ಧೆ ಮುಗಿದ ಸಂಜೆಯೇ ಸಂಶೋಧನೆ ಶುರುವಾಯಿತು.

ಮೊದಲ ರೆಸ್ಟೋರೆಂಟಿನಲ್ಲಿ ಪರಾತದಷ್ಟು ದೊಡ್ಡ ತಟ್ಟೆಯ ನಡುವೆ ಮೂರು ತುಂಡು ಪನೀರು ಬಂದವು. ಉಳಿದದ್ದು ಯಾವಾಗ ತರುತ್ತೀರಿ ಎಂದು ಕಾಕಾ ವಿನಯದಿಂದ ವಿಚಾರಿಸಿದರು. ಎರಡನೆಯದರಲ್ಲಿ ಮೇಜಿಗೆ ಅಂಟಿಸಿದ ಚೀಟಿಗೆ ಫೋನು ಹಿಡಿದು ಊಟ ಹೇಳಬೇಕಿತ್ತು. ‘ಹಸದವರ ಮಾರಿ ನೋಡೋರು ಇಲ್ಲಿ ಯಾರೂ ಇಲ್ಲೇನು?’ ಎಂದು ಎದ್ದೇಬಿಟ್ಟರು. ಮೂರನೆಯದು ಬಾರು. ಅದು ನನ್ನ ಆಯ್ಕೆ. ನನಗೆ ಎರಡನೇ ಬಹುಮಾನ ಬಂದಿತ್ತು. ಮೊದಲನೆಯದು ತಪ್ಪಿದ ಸಿಟ್ಟೂ ಇತ್ತು. ನಾನು ಬಿಯರ್ ತರಿಸಿದೆ. ಕಾಕಾ ನಿಂಬೆ ಸೋಡಾ ಹಿಡಿದು ಕುಳಿತರು. ನಡುವೆ ಒಂದು ಬಟ್ಟಲು ಹುರಿದ ಶೇಂಗಾ.

ಪಕ್ಕದ ಮೇಜಿನಲ್ಲಿದ್ದ ನಾಲ್ವರ ಬಟ್ಟಲು ಖಾಲಿಯಾಗಿತ್ತು. ಕಾಕಾ ನೋಡಿದರು, ಮುಖ ತಿರುಗಿಸಿದರು, ಮತ್ತೆ ನೋಡಿದರು. ನಾನು ಬೇಡವೆನ್ನುವಷ್ಟರಲ್ಲಿ ನಮ್ಮ ಶೇಂಗಾ ಹಿಡಿದು ಎದ್ದು ಹೋಗಿ, ಮುಷ್ಟಿ ಮುಷ್ಟಿಯಾಗಿ ಅವರಿಗೆ ಬಡಿಸತೊಡಗಿದರು. ಒಬ್ಬ ಕೈ ಅಡ್ಡ ಹಿಡಿದ. ಪಾಪ, ಅವನಿಗೇನು ಗೊತ್ತು, ಕಾಕಾನ ಖಾನಾವಳಿಯಲ್ಲಿ ಅದಕ್ಕೆ ಇನ್ನಷ್ಟು ಹಾಕಿ ಎಂದೇ ಅರ್ಥ. ಅವರು ಹಾಕಿದರು. ಅವನು ದಬ್ಬಿದ. ಗ್ಲಾಸು ಮಗುಚಿ ವಿಸ್ಕಿಯೆಲ್ಲ ಕಾಕಾನ ಬಿಳಿ ಅಂಗಿಯ ಪಾಲಾಯಿತು. ಮ್ಯಾನೇಜರ್ ಬಂದು ನಮ್ಮಿಬ್ಬರನ್ನೂ ಬೀದಿಗೆ ದಬ್ಬಿದ.

ಬದಲಿ ಅಂಗಿ ಇರಲಿಲ್ಲ. ವಿಸ್ಕಿ ನಾರುವ ಅದೇ ಅಂಗಿಯಲ್ಲಿ ಕಾಕಾ ಮರುದಿನ ನನ್ನೊಂದಿಗೆ ರೈಲು ಹತ್ತಿದರು. ಎದುರು ಸೀಟಿನಲ್ಲಿ ಮಠದ ಕಮಿಟಿಯಲ್ಲಿದ್ದ ನಮ್ಮೂರ ಗೊಬ್ಬರದಂಗಡಿ ಸಾಹುಕಾರರು. ದಿನವಿಡೀ ಯೂರಿಯಾ ಚೀಲಗಳ ನಡುವೆ ಕೂತರೂ ಅವರ ಮೂಗು ಸತ್ತಿರಲಿಲ್ಲ. ಅಂಗಿಯ ಬಗ್ಗೆ ಕೇಳಿದಾಗ, ಬಾರಿನಲ್ಲಿ ಗ್ಲಾಸು ಮಗುಚಿದ್ದನ್ನೂ ದಬ್ಬಿಸಿಕೊಂಡದ್ದನ್ನೂ ಕಾಕಾ ಮುಚ್ಚಿಡಲಿಲ್ಲ. ನಾನು ಏಲಕ್ಕಿ ಅಗಿಯುತ್ತಿದ್ದೆ.

ಕಮಿಟಿ ಕೂಡಿದಾಗ ಕೇಳಿದವರೂ ಅವರೇ.

‘ಬಾರಿಗಿ ಹೋಗಿದ್ರಿಲ್ಲೊ?’

‘ಹೋಗಿದ್ದೆರಿ.’

‘ಕುಡದ್ರಿ?’

‘ಇಲ್ರಿ.’

‘ಮತ್ತ್ಯಾಕ ಹೋಗಿದ್ರಿ, ಪೂಜಾ ಮಾಡ್ಲಿಕ್ಕೇನು?’

‘ಬಡಸೂದು ನೋಡ್ಲಿಕ್ಕರಿ,’ ಎಂದರು ಕಾಕಾ.

ಎಲ್ಲರೂ ನಕ್ಕರು. ಬಾರಿಗೆ ಹೋದವನು ಕುಡಿದೇ ಇರಬೇಕೆಂಬ ಆ ತರ್ಕವನ್ನು ಒಂದು ನಿಮಿಷದಲ್ಲಿ ಹರಿದುಹಾಕಬಹುದಿತ್ತು. ಆದರೆ ನನ್ನ ಪಕ್ಕದಲ್ಲಿ ಅಪ್ಪ ಕೂತಿದ್ದರು. ಹಾಗಾದರೆ ಕುಡಿದವರು ಯಾರು ಎಂಬುದೇ ಮುಂದಿನ ಪ್ರಶ್ನೆಯಾಗುತ್ತಿತ್ತು. ಕಾಕಾ ನನ್ನತ್ತ ಒಮ್ಮೆ ನೋಡಿದರು. ನನ್ನ ಹೆಸರು ಎತ್ತಲಿಲ್ಲ.

ಮುಂದಿನ ಶ್ರಾವಣ ಸೋಮವಾರ ಸೌಟು ಸಾಹುಕಾರರ ಭಾವಮೈದುನನಿಗೆ ಹೋಯಿತು. ಅವನು ಹುಗ್ಗಿಯನ್ನು ಭಾವನ ಅಂಗಡಿಯ ಬೀಜದಂತೆ ಅಳೆದಳೆದು ಹಾಕಿದ. ‘ನೀವು ಕುಂತು ಉಣ್ರಿ’ ಎಂದು ಕಾಕಾನಿಗೆ ಪಂಕ್ತಿಯಲ್ಲಿ ಜಾಗ ತೋರಿಸಿದರು. ಪಕ್ಕದವನ ತಾಟು ಖಾಲಿಯಾದಾಗ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡದ್ದನ್ನು ನಾನು ನೋಡಿದೆ.

ಉಣ್ಣಲು ಬಂದವರೂ ಮುಸಿಮುಸಿ ನಗತೊಡಗಿದ ಮೇಲೆ ಖಾನಾವಳಿ ಮುಚ್ಚಿ ಚಿಂಚೋಳಿಗೆ, ಮಗಳ ಮನೆಗೆ ಹೋದರು. ಎರಡು ವರ್ಷದ ಮೇಲೆ ಅಲ್ಲಿಗೆ ಹೋದೆ. ಅದೇ ಕೊನೆಯ ಭೇಟಿ. ಬಸ್ಸಿನಲ್ಲಿ ಹೊಂದಿಸಿಕೊಂಡ ಭಾಷಣ ಒಪ್ಪಿಸಿದೆ: ಕಮಿಟಿಯ ಮುಂದೆ ನಿಂತು ಎಲ್ಲ ಹೇಳುತ್ತೇನೆ, ನನ್ನ ಬಿಯರ್ ಸಮೇತ. ಕಾಕಾ ಪೂರ್ತಿ ಕೇಳಿದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ತೋರಿಸಿದರು.

‘ಹೇಳಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಸೌಟು ಹಿಡಿಯೋ ಶಕ್ತಿ ಈ ಕೈಯಾಗ ಉಳದಿಲ್ಲ. ಈಗ ಹೇಳೂದು ನನ್ನ ಸಲುವಾಗೊ, ನಿನ್ನ ಸಲುವಾಗೊ?’