ಎಡಗಾಲೋ ಬಲಗಾಲೋ

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಾವಿರುವುದು ಮೂರನೇ ಮಹಡಿಯಲ್ಲಿ. ಮನೆ ಕೊಂಡಾಗ ನನ್ನ ಮೊಣಕಾಲುಗಳಿಗೆ ಮೂವತ್ತು ವರ್ಷ. ಅವುಗಳ ಅಭಿಪ್ರಾಯ ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಐವತ್ತಾರಕ್ಕೆ ಅವು ತಾವಾಗಿಯೇ ಅಭಿಪ್ರಾಯ ಹೇಳತೊಡಗಿದವು. ಥಾಣೆಯ ಕಾರ್ಖಾನೆಯ ಲ್ಯಾಬಿನಿಂದ ಲೋಕಲ್‌ನಲ್ಲಿ ನಿಂತು ಬಂದು, ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು, ಮನೆಯ ಮೆಟ್ಟಿಲ ಬುಡದಲ್ಲಿ ನಿಂತರೆ ಮೂರನೇ ಮಹಡಿ ಬೇರೆ ಯಾರದೋ ಎನಿಸುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಮೊದಲು ಫಿಸಿಯೋಥೆರಪಿ ಮಾಡಿ, ಆಗದಿದ್ದರೆ ಆಪರೇಷನ್ ಇದ್ದೇ ಇದೆ ಎಂದರು, ಮನೆಯಲ್ಲಿ ಉಪ್ಪಿನಕಾಯಿ ಇದ್ದೇ ಇದೆ ಎನ್ನುವ ಧಾಟಿಯಲ್ಲಿ.

ಕಲ್ಯಾಣದಲ್ಲಿ ಹೋಟೆಲ್ ನಡೆಸುವ ನನ್ನ ಅಣ್ಣನ ಬಳಿ ಇನ್ನೊಂದು ಪರಿಹಾರವಿತ್ತು. ನವಿ ಮುಂಬಯಿಯ ಹದಿನೆಂಟು ಮಹಡಿಯ ಟವರಿನಲ್ಲಿ ಅವನದೊಂದು ಫ್ಲ್ಯಾಟ್ ಖಾಲಿ ಬಿದ್ದಿತ್ತು.

“ಇದನ್ನು ಮಾರಿ ಅಲ್ಲಿಗೆ ಬಾ ಮಾರಾಯ. ಎರಡೆರಡು ಲಿಫ್ಟ್ ಉಂಟು. ಕಾಲು ಇದ್ರೂ ಆಯ್ತು, ಇಲ್ಲದಿದ್ರೂ ಆಯ್ತು.”

“ಅಲ್ಲಿ ನಾನು ಯಾರ ಹತ್ರ ಮಾತಾಡುದು ಭಾವ, ಲಿಫ್ಟಿನ ಹತ್ರವಾ?” ಎಂದಳು ನನ್ನ ಹೆಂಡತಿ.

ನಮ್ಮ ಮಹಡಿಯ ನಾಲ್ಕೂ ಮನೆಗಳ ಬಾಗಿಲು ಹಗಲೆಲ್ಲ ತೆರೆದಿರುತ್ತವೆ. ಅವಳ ಅರ್ಧ ಸಂಸಾರ ಆ ಕಾರಿಡಾರಿನಲ್ಲೇ ನಡೆಯುವುದು. ನನಗೂ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಮೆಟ್ಟಿಲು ಹತ್ತಲು ಆದರೆ ಇಲ್ಲೇ, ಆಗದಿದ್ದರೆ ಅಲ್ಲಿಗೆ, ದೀಪಾವಳಿಯೊಳಗೆ ಹೇಳುತ್ತೇವೆ ಎಂದು ಅಣ್ಣನಿಗೆ ಮಾತು ಕೊಟ್ಟು, ಅವಳು ನನ್ನನ್ನು ಠಾಕುರ್ಲಿಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಅಲ್ಲಿದ್ದ ಥೆರಪಿಸ್ಟ್ ಇಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಕನ್ನಡದಲ್ಲಿ ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಇಟ್ಟು ಎರಡೂ ಮೊಣಕಾಲು ಎಷ್ಟು ಮಡಚುತ್ತವೆಂದು ನೋಡಿದಳು. “ದೋನೋ ಸೇಮ್ ಹೈ ಅಂಕಲ್,” ಎಂದಳು. ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು, ಮಲಗಿ ಕಾಲನ್ನು ನೇರವಾಗಿ ಎತ್ತುವುದು, ಹೀಗೆ ಕೆಲವನ್ನು ಹತ್ತು ದಿನ ಕಲಿಸಿ, ಮೂರು ತಿಂಗಳು ಮನೆಯಲ್ಲೇ ಮಾಡಿ ಬನ್ನಿ ಎಂದಳು. ನೋವು ಯಾವಾಗ ಹೋಗುತ್ತದೆ ಎಂದು ಕೇಳಿದೆ. ನೋವಿನದು ಸಣ್ಣ ವಿಷಯವಂತೆ. ತೊಡೆಯ ಸ್ನಾಯು ಗಟ್ಟಿಯಾದರೆ ಅದೇ ಮೊಣಕಾಲನ್ನು ಹಿಡಿದುಕೊಳ್ಳುತ್ತದೆ, ಬೀಳುವ ಭಯ ಕಡಿಮೆಯಾಗುತ್ತದೆ, ಆಪರೇಷನ್ ಮುಂದಕ್ಕೆ ಹೋಗುತ್ತದೆ. “ದಸ್ ಸಾಲ್ ಬಾದ್ ಥ್ಯಾಂಕ್ಯೂ ಬೋಲೋಗೇ.” ಪರೀಕ್ಷಿಸಲು ಹತ್ತು ವರ್ಷ ಬೇಕಾಗುವಂಥ ಭರವಸೆಯನ್ನು ಜ್ಯೋತಿಷಿಗಳೂ ಕೊಡುತ್ತಾರೆ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಹೋಲಿಸಿ ನೋಡದೆ ಏನನ್ನೂ ಒಪ್ಪಲಾರದ ರೋಗ ಅಲ್ಲಿಂದಲೇ ಅಂಟಿದ್ದು, ಅದಕ್ಕೆ ವ್ಯಾಯಾಮವಿಲ್ಲ. ಹಾಗಾಗಿ ಯಾರಿಗೂ ಹೇಳದೆ ಒಂದು ಪ್ರಯೋಗಕ್ಕೆ ಇಳಿದೆ. ಒಂದು ಕಾಲಿಗೆ ಮಾತ್ರ ವ್ಯಾಯಾಮ, ಇನ್ನೊಂದಕ್ಕೆ ರಜೆ. ಅದೇ ಮನುಷ್ಯ, ಅದೇ ಊಟ, ಅದೇ ರೈಲು, ಅದೇ ಮೆಟ್ಟಿಲು. ಇಷ್ಟು ಶುದ್ಧವಾದ ಹೋಲಿಕೆ ಯಾವ ದೊಡ್ಡ ಆಸ್ಪತ್ರೆಗೂ ಸಿಕ್ಕಿರಲಾರದು ಎಂದು ಹಿಗ್ಗಿದೆ. ಯಾವ ಕಾಲು ಎಂದು ಬರೆದಿಡಲಿಲ್ಲ. ಸ್ವಂತ ಕಾಲನ್ನು ಯಾರಾದರೂ ಮರೆಯುತ್ತಾರೆಯೇ?

ದೀಪಾವಳಿಗೆ ಒಂದು ವಾರವಿದೆ ಎನ್ನುವಾಗ ಎರಡನೇ ಮಹಡಿಯ ತಿರುವಿನಲ್ಲಿ ಬಲಮೊಣಕಾಲು ಕೈಕೊಟ್ಟಿತು. ಹೆಂಡತಿ ಒಂದು ಕಡೆ, ಪಕ್ಕದ ಮನೆಯವರು ಒಂದು ಕಡೆ ಹಿಡಿದು ಮೇಲೆ ಹತ್ತಿಸಿದರು. ಅವಳು ಅಡುಗೆಮನೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ತುಸು ಹೊತ್ತು ನಿಂತದ್ದು ಕಂಡಿತು.

ಮರುದಿನ ಕ್ಲಿನಿಕ್ಕಿನಲ್ಲಿ ಅಳತೆಪಟ್ಟಿ ಬಂತು. ಎಡಗಾಲು ಚೆನ್ನಾಗಿ ಮಡಚುತ್ತಿತ್ತು. ಬಲಗಾಲು ಮೊದಲಿಗಿಂತ ಕೆಟ್ಟಿತ್ತು. ಹುಡುಗಿ ಎರಡೆರಡು ಸಲ ಅಳೆದು ನನ್ನ ಮುಖ ನೋಡಿದಳು. ಪ್ರಯೋಗದ ವಿಷಯ ಹೇಳಲೇಬೇಕಾಯಿತು.

“ಒಂದೇ ಕಾಲಿಗಾ?” ಹೆಂಡತಿ ಕುರ್ಚಿಯಿಂದ ಎದ್ದಳು. “ಇನ್ನೊಂದಕ್ಕೆ ಆಮೇಲೆ ಮಾಡ್ತೀರಿ ಅಂದುಕೊಂಡಿದ್ದೆ. ಮನೆ ಹೋಗ್ತದೆ ಅಂತ ನಾನು ದಿನಾ ದೇವರಿಗೆ ಕೈ ಮುಗಿಯುದು, ನೀವು ಒಂದು ಕಾಲಿಗೆ ರಜೆ ಕೊಟ್ಟು ಮಲಗುದಾ? ಎಂತ ಮಂಡೆ ಮಾರಾಯ್ರೇ ನಿಮ್ಮದು?”

“ಕೌನ್‌ಸಾ ಪೈರ್, ಅಂಕಲ್?” ಎಂದಳು ಹುಡುಗಿ, ವ್ಯಾಯಾಮ ಮಾಡಿದ್ದು ಯಾವ ಕಾಲಿಗೆಂದು.

“ಎಡ,” ಎಂದೆ.

“ಬಲ,” ಎಂದಳು ಹೆಂಡತಿ. “ಕಾಫಿ ತರುವಾಗ ದಿನಾ ನೋಡ್ತಿದ್ದೆ. ಕಿಟಕಿ ಬದಿಯ ಕಾಲು.”

ಕಿಟಕಿ ಬದಿಯ ಕಾಲು ಎಂದೇ ನನಗೂ ನೆನಪು. ಆದರೆ ನಡುವೆ ಗೋಡೆಗೆ ಬಣ್ಣ ಹೊಡೆಸುವಾಗ ಮಂಚವನ್ನು ತಲೆ-ಕಾಲು ತಿರುಗಿಸಿ ಹಾಕಿದ್ದೆವು; ಕಿಟಕಿ ಬದಿಗೆ ಇನ್ನೊಂದು ಕಾಲು ಬಂದಿತ್ತು. ಆಮೇಲೆ ನಾನು ಕಾಲಿಗೆ ನಿಷ್ಠನಾಗಿದ್ದೆನೋ, ಕಿಟಕಿಗೆ ನಿಷ್ಠನಾಗಿದ್ದೆನೋ?

ಹೆಂಡತಿಯ ನೆನಪು ಸರಿಯಾದರೆ ವ್ಯಾಯಾಮ ಮಾಡಿದ ಕಾಲೇ ಕೆಟ್ಟಿದೆ. ಫಿಸಿಯೋಥೆರಪಿ ಬರೀ ಬೊಗಳೆ ಎಂಬ ನನ್ನ ಸಂಶಯ ಗೆದ್ದಿತು. ಆದರೆ ನನ್ನ ತಲೆ ಕೆಟ್ಟಿದೆ ಎಂದು ಒಪ್ಪಿ, ಸಾಮಾನು ಕಟ್ಟಿ, ನವಿ ಮುಂಬಯಿಯ ಲಿಫ್ಟಿನಲ್ಲಿ ಆ ಗೆಲುವನ್ನು ಅನುಭವಿಸಬೇಕು. ನನ್ನ ನೆನಪು ಸರಿಯಾದರೆ ವ್ಯಾಯಾಮ ಮಾಡಿದ ಕಾಲು ಸುಧಾರಿಸಿದೆ. ಸಂಶಯ ಸೋತಿತು, ಮನೆ ಉಳಿಯಿತು.

“ಎಡ,” ಎಂದು ಮತ್ತೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಅಬ್ ದೋನೋ ಕರೋ,” ಎನ್ನುತ್ತ ಹುಡುಗಿ ಬಲಮೊಣಕಾಲಿನ ಕೆಳಗೆ ಟವೆಲ್ ತುರುಕಿದಳು. ಅವಳಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ.

ಅಣ್ಣನಿಗೆ ಫೋನ್ ಮಾಡಿ ಯುಗಾದಿಯವರೆಗೆ ಗಡುವು ಕೇಳಿದೆ, ಕಾರಣವನ್ನೂ ಹೇಳಿದೆ. “ಮನುಷ್ಯನಿಗೆ ಎರಡು ಕಾಲು ಅಂತ ತಿಳೀಲಿಕ್ಕೆ ಎಂ.ಎಸ್ಸಿ. ಮಾಡಬೇಕಾಯ್ತಾ ನೀನು?” ಎಂದ. ಯುಗಾದಿಗೆ ನಾನು ನಡುವೆ ಒಂದೇ ಸಲ ನಿಂತು ಮೂರು ಮಹಡಿ ಹತ್ತುತ್ತಿದ್ದೆ. ಅವನು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟ.

ಇದು ಏಳನೇ ವರ್ಷ. ಕೆಲಸದಿಂದ ನಿವೃತ್ತನಾದೆ, ವ್ಯಾಯಾಮದಿಂದ ಆಗಲಿಲ್ಲ. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತೇನೆ. ಮಳೆಗಾಲದಲ್ಲಿ ಸೇತುವೆಯ ಮೇಲೆ ಜಾರಿದರೂ ಬೀಳದೆ ನಿಂತಿದ್ದೇನೆ. ಡಾಕ್ಟರು ಆಪರೇಷನ್ನಿನ ಮಾತೆತ್ತುವುದಿಲ್ಲ. ಆದರೆ ಹೋಲಿಸಿ ನೋಡಲು ವ್ಯಾಯಾಮ ಮಾಡದ ಕಾಲು ನನ್ನ ಬಳಿ ಈಗ ಒಂದೂ ಉಳಿದಿಲ್ಲವಾದ್ದರಿಂದ, ಇದೆಲ್ಲ ವ್ಯಾಯಾಮದ್ದೇ ಫಲ ಎಂದು ಖಚಿತವಾಗಿ ಹೇಳಲಾರೆ.

ಹೆಂಡತಿಗೆ ಅಂಥ ತೊಂದರೆಯಿಲ್ಲ. ಬೆಳಿಗ್ಗೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅವಳೇ ಎಣಿಸುತ್ತಾಳೆ, ಒಂದೊಂದು ಕಾಲಿಗೂ ಬೇರೆ ಬೇರೆ.

“ಹದಿನಾಲ್ಕು.”

“ಹದಿನೈದು ಆಯಿತು.”

“ನಿಮ್ಮ ನೆನಪು ನನಗೆ ಗೊತ್ತುಂಟು. ಎತ್ತಿ.”

ಎತ್ತುತ್ತೇನೆ.